ವೇಬ್ರಿಡ್ಜ್ ಎಲ್ಲಿ, ಸರ್ವರ್ ಎಲ್ಲಿ: ಪಬ್ಲಿಕ್, ಪ್ರೈವೇಟ್, ಹೈಬ್ರಿಡ್ ಕ್ಲೌಡ್ ಆರಿಸುವ ಬಗೆ

ಮೈಸೂರಿನ ಹೆಬ್ಬಾಳ, ಹೂಟಗಳ್ಳಿ, ಕೂರ್ಗಳ್ಳಿಯ ಕಾರ್ಖಾನೆಗಳಲ್ಲಿ, ಮಂಡ್ಯ-ಮದ್ದೂರಿನ ಸಕ್ಕರೆ ಮತ್ತು ಹಾಲಿನ ಉದ್ಯಮಗಳಲ್ಲಿ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಕಂಪನಿಯ ಲೆಕ್ಕ, ದಾಖಲೆ ಎಲ್ಲ ಇಟ್ಟುಕೊಂಡು ನಡೆಸುವ ಕಂಪ್ಯೂಟರ್‌ಗೆ, ಅಂದರೆ ಹಳೇ ಸರ್ವರ್‌ಗೆ, ವಯಸ್ಸಾಗಿದೆ. ಹೊಸದು ತರೋದಾ, ಕ್ಲೌಡ್‌ಗೆ (ನೆಟ್‌ವರ್ಕ್ ಮೂಲಕ ಬೇಕಾದಷ್ಟನ್ನು ಬಳಸುವ ಕಂಪ್ಯೂಟರ್‌ಗಳ ವ್ಯವಸ್ಥೆಗೆ) ಹೋಗೋದಾ? ಹೋಗೋದಾದರೆ ಪಬ್ಲಿಕ್ಕಾ, ಪ್ರೈವೇಟಾ, ಹೈಬ್ರಿಡ್ಡಾ? ಮಾರಲು ಬಂದವರನ್ನು ಕೇಳಿದರೆ ಅವರ ಹತ್ತಿರ ಏನಿದೆಯೋ ಅದೇ ಒಳ್ಳೆಯದು ಅನ್ನುತ್ತಾರೆ. ಸಹಜ ತಾನೇ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಇಡೀ ಕಂಪನಿಗೆ ಒಂದು ಕ್ಲೌಡ್ ಆರಿಸಲು ಕೂತರೆ ಚರ್ಚೆ ಮುಗಿಯುವುದೇ ಇಲ್ಲ. ಕಂಪನಿಯ ಒಂದೊಂದು ಕೆಲಸವನ್ನೂ ಬೇರೆ ಬೇರೆಯಾಗಿ ಎತ್ತಿಕೊಂಡು, ಇದು ಎಲ್ಲಿರಬೇಕು ಅಂತ ಕೇಳಿದರೆ ಮುಕ್ಕಾಲು ಪಾಲು ಉತ್ತರ ತಾನಾಗಿಯೇ ಬರುತ್ತದೆ.

ಮೊದಲು ಮೂರು ಹೆಸರುಗಳನ್ನು ಬೇಗ ನೋಡಿಬಿಡೋಣ. ಪಬ್ಲಿಕ್ ಕ್ಲೌಡ್ ಅಂದರೆ ಅಮೆಜಾನ್, ಮೈಕ್ರೋಸಾಫ್ಟ್, ಗೂಗಲ್‌ನಂಥವರ ಡೇಟಾ ಸೆಂಟರ್‌ನಲ್ಲಿರುವ (ಸರ್ವರ್‌ಗಳನ್ನೇ ತುಂಬಿಟ್ಟ ಕಟ್ಟಡದಲ್ಲಿರುವ) ಯಂತ್ರಗಳನ್ನು ಬಳಸಿದಷ್ಟಕ್ಕೆ ದುಡ್ಡು ಕೊಟ್ಟು ಉಪಯೋಗಿಸುವುದು. ಅಮೆಜಾನ್ 2006ರಲ್ಲಿ ಮೊದಲು ಎಸ್3 ಎಂಬ ಸ್ಟೋರೇಜ್, ಆಮೇಲೆ ಇಸಿ2 ಎಂಬ ಬಾಡಿಗೆ ಕಂಪ್ಯೂಟರ್ ತಂದಾಗ ಈ ವ್ಯಾಪಾರ ಈಗಿನ ರೂಪಕ್ಕೆ ಬಂತು. ಒಂದೇ ಯಂತ್ರದ ಮೇಲೆ ಹಲವು ಗಿರಾಕಿಗಳ ಕೆಲಸ ಓಡುತ್ತಿರುತ್ತದೆ. ಒಬ್ಬರದು ಇನ್ನೊಬ್ಬರಿಗೆ ಕಾಣದಂತೆ ಸಾಫ್ಟ್‌ವೇರ್ ತಡೆಯುತ್ತದೆ. ಪ್ರೈವೇಟ್ ಕ್ಲೌಡ್‌ನಲ್ಲಿ ಯಂತ್ರಗಳು ನಿಮಗೊಬ್ಬರಿಗೇ ಮೀಸಲು. ಅವು ನಿಮ್ಮ ಕಟ್ಟಡದಲ್ಲೇ ಇರಬಹುದು, ಬೆಂಗಳೂರಿನ ಯಾವುದೋ ಡೇಟಾ ಸೆಂಟರ್‌ನಲ್ಲಿ ಬಾಡಿಗೆಗೆ ಹಿಡಿದ, ಸರ್ವರ್ ಜೋಡಿಸುವ ಕಪಾಟಿನಂಥ ರ‍್ಯಾಕ್‌ನಲ್ಲೂ ಇರಬಹುದು. ಈ ಎರಡನ್ನೂ ಜೋಡಿಸಿ, ಡೇಟಾ ಮತ್ತು ಕೆಲಸ ಅತ್ತಿತ್ತ ಓಡಾಡುವಂತೆ ಮಾಡಿದರೆ ಹೈಬ್ರಿಡ್. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2011ರಲ್ಲಿ ಕೊಟ್ಟ ವಿವರಣೆಯಲ್ಲಿ ನಾಲ್ಕನೆಯದೂ ಒಂದಿದೆ, ಕಮ್ಯುನಿಟಿ ಕ್ಲೌಡ್. ಒಂದೇ ಬಗೆಯ ಸಂಸ್ಥೆಗಳು ಸೇರಿ ಬಳಸುವಂಥದ್ದು. ಹಣಕಾಸು ವಲಯಕ್ಕಾಗಿಯೇ ಒಂದು ಕ್ಲೌಡ್ ಕಟ್ಟುವುದಾಗಿ ರಿಸರ್ವ್ ಬ್ಯಾಂಕ್ 2023ರ ಡಿಸೆಂಬರ್‌ನಲ್ಲಿ ಹೇಳಿತಲ್ಲ, ಅದನ್ನು ಈ ಜಾತಿಗೆ ಸೇರಿಸಬಹುದು.

ಒಂದು ಮಾತು ಇಲ್ಲಿ ಸೇರಿಸಲೇಬೇಕು. ಆಫೀಸಿನ ಮೂಲೆಯಲ್ಲಿ ಎಸಿ ಕೆಳಗೆ ಕೂತು, ಆಯುಧಪೂಜೆ ದಿನ ಅರಿಶಿನ-ಕುಂಕುಮ ಹಚ್ಚಿಸಿಕೊಳ್ಳುವ ಆ ಒಂಟಿ ಸರ್ವರ್ ಪ್ರೈವೇಟ್ ಕ್ಲೌಡ್ ಅಲ್ಲ. ಅದು ಸರ್ವರ್, ಅಷ್ಟೇ. ಹಲವು ಯಂತ್ರಗಳ ಶಕ್ತಿಯನ್ನು ಒಟ್ಟುಗೂಡಿಸಿ, ಬೇಕಾದ ವಿಭಾಗ ಬೇಕಾದಷ್ಟನ್ನು ತಾನೇ ತೆಗೆದುಕೊಳ್ಳುವಂತೆ ಮಾಡಿ, ಒಂದು ಕೆಟ್ಟರೆ ಕೆಲಸ ಇನ್ನೊಂದಕ್ಕೆ ಹೋಗುವ ವ್ಯವಸ್ಥೆ ಇದ್ದರೆ ಮಾತ್ರ ಆ ಹೆಸರು ಸರಿ. ಹಾಗೆಯೇ ಪಬ್ಲಿಕ್ ಕ್ಲೌಡ್ ಕಂಪನಿಗಳು ಮಾರುವ 'ವರ್ಚುವಲ್ ಪ್ರೈವೇಟ್ ಕ್ಲೌಡ್' ಕೂಡ ಪ್ರೈವೇಟ್ ಕ್ಲೌಡ್ ಅಲ್ಲ. ಅದು ಪಬ್ಲಿಕ್ ಕ್ಲೌಡ್‌ನೊಳಗೆ ನಿಮಗಾಗಿ ಬೇಲಿ ಹಾಕಿದ ನೆಟ್‌ವರ್ಕ್.

ಇನ್ನು ಇಪ್ಪತ್ತು-ಮೂವತ್ತು ಜನರ ಸಂಸ್ಥೆಯಾಗಿದ್ದು, ಇರುವುದೆಲ್ಲ ಇಮೇಲ್, ಲೆಕ್ಕಪತ್ರ, ಹಾಜರಾತಿ ಅನ್ನುವುದಾದರೆ ಈ ಲೇಖನದ ತಲೆನೋವೇ ನಿಮಗೆ ಬೇಡ. ತಿಂಗಳಿಗಿಷ್ಟು ಅಂತ ಕೊಟ್ಟು ಬಳಸುವ ಸಿದ್ಧ ಸಾಫ್ಟ್‌ವೇರ್ ತೆಗೆದುಕೊಳ್ಳಿ. ಅದು ಯಾರ ಕ್ಲೌಡ್‌ನಲ್ಲಿ ಓಡಬೇಕು ಅನ್ನುವುದು ಅವರ ಚಿಂತೆ. ಡೇಟಾ ಭಾರತದಲ್ಲಿದೆಯಾ, ಬೇಕೆಂದಾಗ ಪೂರ್ತಿ ಇಳಿಸಿಕೊಳ್ಳಬಹುದಾ ಅಂತ ಕೇಳಿ, ಮುಂದೆ ಹೋಗಿ.

ಒಂದು ಸಕ್ಕರೆ ಕಾರ್ಖಾನೆಯೊಳಗೆ

ಮಂಡ್ಯದಲ್ಲಿ ಕೂತು ಇದನ್ನು ವಿವರಿಸುವುದಾದರೆ ಸಕ್ಕರೆ ಕಾರ್ಖಾನೆಗಿಂತ ಒಳ್ಳೆಯ ಉದಾಹರಣೆ ಇಲ್ಲ. 1933ರ ಮೈಶುಗರ್ ಕಾಲದಿಂದ ಈ ಜಿಲ್ಲೆಗೆ ಆ ಕೆಲಸ ಗೊತ್ತು. ಯಾವುದೇ ನಿರ್ದಿಷ್ಟ ಕಾರ್ಖಾನೆಯ ಮಾತಲ್ಲ, ಸಾಮಾನ್ಯವಾಗಿ ಒಂದನ್ನು ಕಲ್ಪಿಸಿಕೊಳ್ಳಿ.

ಗೇಟಿನ ಹತ್ತಿರ ಗಾಡಿಗಳನ್ನು ತೂಗುವ ವೇಬ್ರಿಡ್ಜ್ ಇದೆ. ಹಂಗಾಮಿನಲ್ಲಿ ಕಬ್ಬು ತುಂಬಿದ ಲಾರಿ, ಟ್ರ್ಯಾಕ್ಟರ್, ಎತ್ತಿನ ಗಾಡಿ ಸಾಲುಗಟ್ಟಿ ನಿಂತಿರುತ್ತವೆ. ಕಡಿದ ಕಬ್ಬು ನಿಂತಷ್ಟೂ ತೂಕವೂ ಇಳಿಯುತ್ತದೆ, ಸಕ್ಕರೆ ಅಂಶವೂ ಇಳಿಯುತ್ತದೆ. ಈಗ ಈ ತೂಕದ ಸಾಫ್ಟ್‌ವೇರ್ ಪೂರ್ತಿ ಮುಂಬೈನ ಡೇಟಾ ಸೆಂಟರ್‌ನಲ್ಲಿದೆ ಅಂದುಕೊಳ್ಳಿ. ರಸ್ತೆ ಅಗೆಯುವ ಜೆಸಿಬಿ ಫೈಬರ್ ಕೇಬಲ್ ಕಿತ್ತಿತು. ತೂಕ ನಿಂತಿತು. ರೈತರಿಗೆ ಏನಂತ ಹೇಳುತ್ತೀರಿ? ಮುಂಬೈ ಸಿಗುತ್ತಿಲ್ಲ ಅಂತಲಾ? ಆದ್ದರಿಂದ ತೂಕದ ಕೆಲಸ ಗೇಟಿನಲ್ಲೇ, ಅಲ್ಲಿನ ಕಂಪ್ಯೂಟರ್‌ನಲ್ಲೇ ನಡೆಯಬೇಕು. ನೆಟ್ ಇದ್ದಾಗ ದಾಖಲೆ ಮೇಲಕ್ಕೆ ಹೋಗಲಿ. ಇಲ್ಲದಾಗ ಅಲ್ಲೇ ಕೂಡಿಟ್ಟುಕೊಂಡು, ಬಂದ ಮೇಲೆ ಕಳಿಸಲಿ.

ಒಳಗೆ ಹೋದರೆ ಗಾಣ, ಬಾಯ್ಲರ್, ಟರ್ಬೈನ್ ನಿಯಂತ್ರಿಸುವ ವ್ಯವಸ್ಥೆ ಇದೆ. ಇದಕ್ಕೆ ಚರ್ಚೆಯೇ ಬೇಡ. ಬಾಯ್ಲರ್‌ನ ಒತ್ತಡ ಏರಿದಾಗ ಕವಾಟ ತೆರೆಯುವ ಆಜ್ಞೆ ಕಾರ್ಖಾನೆಯ ಹೊರಗಿನಿಂದ ಬರುವಂತಿರಬಾರದು. ಮೈಸೂರಿನಿಂದ ಮುಂಬೈ ರಸ್ತೆಯಲ್ಲಿ ಸುಮಾರು 1,000 ಕಿಲೋಮೀಟರ್. ಫೈಬರ್‌ನಲ್ಲಿ ಬೆಳಕು ಒಂದು ಮಿಲಿಸೆಕೆಂಡಿಗೆ ಸುಮಾರು 200 ಕಿಲೋಮೀಟರ್ ಹೋಗುತ್ತದೆ. ಹೋಗಿ ಬರಲು ಕನಿಷ್ಠ 10 ಮಿಲಿಸೆಕೆಂಡ್. ನಡುವಿನ ಉಪಕರಣಗಳೆಲ್ಲ ಸೇರಿದರೆ ಇನ್ನೂ ಜಾಸ್ತಿ. ಬಿಲ್ ಬರೆಯುವವರಿಗೆ ಇದು ಗೊತ್ತೇ ಆಗುವುದಿಲ್ಲ. ಯಂತ್ರ ನಿಯಂತ್ರಣಕ್ಕೆ ಗೊತ್ತಾಗುತ್ತದೆ. ಸಮಯಕ್ಕಿಂತ ದೊಡ್ಡ ಕಾರಣ ಸುರಕ್ಷತೆ. ಈ ನೆಟ್‌ವರ್ಕ್ ಆಫೀಸಿನ ನೆಟ್‌ವರ್ಕ್‌ನಿಂದಲೇ ಬೇರೆ ಇರಬೇಕು. ಅಲ್ಲಿನ ಅಂಕಿಅಂಶದ ನಕಲನ್ನು ಮಾತ್ರ ಒಂದು ದಿಕ್ಕಿನಲ್ಲಿ ಹೊರಗೆ ಕಳಿಸಿ, ಯಾವ ಬೇರಿಂಗ್ ಯಾವಾಗ ಕೆಡಬಹುದು ಅಂತ ಕ್ಲೌಡ್‌ನಲ್ಲಿ ಲೆಕ್ಕ ಹಾಕಿಸಬಹುದು.

ಮೂರನೆಯದು ರೈತರ ಖಾತೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದೊಳಗೆ ರೈತರಿಗೆ ಹಣ ಸೇರಬೇಕು. ತಪ್ಪಿದರೆ ವರ್ಷಕ್ಕೆ ಶೇ. 15ರ ಬಡ್ಡಿ. ಹಾಗಾಗಿ ಗೇಟಿನ ತೂಕ, ಕಟಾವಿನ ಪರ್ಮಿಟ್, ಸಾಗಣೆ ವೆಚ್ಚ, ಬ್ಯಾಂಕ್ ವಿವರ ಎಲ್ಲವೂ ಒಂದೆಡೆ ಸೇರಿ ಲೆಕ್ಕ ಆಗಬೇಕು. ಹಂಗಾಮಿನಲ್ಲಿ ಈ ಕೆಲಸ ಭರಾಟೆ. ಗಾಣ ನಿಂತ ಮೇಲೆ ತಿಂಗಳುಗಟ್ಟಲೆ ಅದೇ ಸರ್ವರ್ ಸುಮ್ನೆ ಕೂತಿರುತ್ತದೆ. ಇದಕ್ಕೆ ಪಬ್ಲಿಕ್ ಕ್ಲೌಡ್ ಹೇಳಿ ಮಾಡಿಸಿದಂತಿದೆ. ಹಂಗಾಮಿಗೆ ದೊಡ್ಡ ಯಂತ್ರ, ಉಳಿದ ತಿಂಗಳಿಗೆ ಚಿಕ್ಕದು. ರೈತರು ಮೊಬೈಲ್‌ನಲ್ಲಿ ಬಿಲ್ ನೋಡುವ ಆ್ಯಪ್ ಇನ್ನೂ ಹೆಚ್ಚಾಗಿ ಅಲ್ಲಿಗೇ ಸೇರಿದ್ದು. ಹಣ ಬಿಡುಗಡೆ ಅಂತ ಸುದ್ದಿ ಬಂದ ದಿನ ಎಲ್ಲರೂ ಒಟ್ಟಿಗೆ ತೆರೆದು ನೋಡುತ್ತಾರಲ್ಲ.

ನೋಡಿ, ಯಾರೂ ಹೈಬ್ರಿಡ್ ಬೇಕು ಅಂತ ಕೇಳಲಿಲ್ಲ. ಒಂದೊಂದು ಕೆಲಸದ ಸ್ವಭಾವ ನೋಡುತ್ತಾ ಹೋದಂತೆ ಅದೇ ಆಗಿ ನಿಂತಿತು. ಹಳ್ಳಿಯ ಹಾಲಿನ ಡೈರಿಯಲ್ಲೂ ಇದೇ ಕಥೆ. ಬೆಳಗ್ಗೆ-ಸಂಜೆ ಹಾಲು ಅಳೆದು, ಫ್ಯಾಟ್ ನೋಡಿ, ಚೀಟಿ ಕೊಡುವ ಕೆಲಸ ನೆಟ್ ಇಲ್ಲದಿದ್ದರೂ ಅಲ್ಲೇ ನಡೆಯಬೇಕು. ಒಕ್ಕೂಟದ ಲೆಕ್ಕ ಮಾತ್ರ ಬೇರೆ ಕಡೆ ಕೂಡಲಿ.

ಏರಿಳಿತ ಇದ್ದರೆ ಬಾಡಿಗೆ, ಇಲ್ಲದಿದ್ದರೆ ಸ್ವಂತ

ದಸರಾ ಹತ್ತು ದಿನ ಮೈಸೂರಿನ ಹೋಟೆಲ್, ಹೋಂಸ್ಟೇ, ಟ್ಯಾಕ್ಸಿ ಬುಕಿಂಗ್ ನಡೆಸುವವರ ಸೈಟ್‌ಗಳು ಕಾಣುವ ಜನಸಂದಣಿ ಉಳಿದ ತಿಂಗಳಲ್ಲಿ ಇರುವುದಿಲ್ಲ. ಆ ಹತ್ತು ದಿನಕ್ಕೆ ಸಾಲುವಷ್ಟು ಸರ್ವರ್ ಕೊಂಡಿಡುವುದು, ಮಗಳ ಮದುವೆಗೆ ಅಂತ ಕಲ್ಯಾಣ ಮಂಟಪವನ್ನೇ ಕಟ್ಟಿಸಿದ ಹಾಗೆ. ಇಲ್ಲಿ ಪಬ್ಲಿಕ್ ಕ್ಲೌಡ್‌ನ ಜಾಗಕ್ಕೆ ಬೇರೆ ಯಾವುದೂ ನಿಲ್ಲುವುದಿಲ್ಲ.

ಇನ್ನೊಂದು ತುದಿಗೆ ಬನ್ನಿ. ಯಂತ್ರಭಾಗಗಳನ್ನು ವಿನ್ಯಾಸ ಮಾಡುವ ಕಂಪನಿಯೊಂದರಲ್ಲಿ ಇನ್ನೂರು ಜನ. ವರ್ಷವಿಡೀ ಹೆಚ್ಚುಕಮ್ಮಿ ಅಷ್ಟೇ ಕೆಲಸ, ಅಷ್ಟೇ ಡೇಟಾ, ದೊಡ್ಡ ದೊಡ್ಡ ಡ್ರಾಯಿಂಗ್ ಫೈಲ್‌ಗಳು. ಇಲ್ಲಿ ಏರಿಳಿತ ಇಲ್ಲ. ಏರಿಳಿತ ಇಲ್ಲದ ಕೆಲಸವನ್ನು ಗಂಟೆ ಲೆಕ್ಕದ ಬಾಡಿಗೆಯಲ್ಲಿ ವರ್ಷಗಟ್ಟಲೆ ಓಡಿಸಿದರೆ ಸ್ವಂತಕ್ಕಿಂತ ದುಬಾರಿ ಆಗುವ ಸಾಧ್ಯತೆ ಹೆಚ್ಚು. ಜನರ ಫೈಲ್‌ಗಳನ್ನು ಕೂಡಿಡುವ ಸೇವೆ ಕೊಡುವ ಡ್ರಾಪ್‌ಬಾಕ್ಸ್ ಇದಕ್ಕೇ ತನ್ನ ಸಂಗ್ರಹದ ಬಹುಪಾಲನ್ನು ಅಮೆಜಾನ್‌ನಿಂದ ಸ್ವಂತ ಯಂತ್ರಗಳಿಗೆ ತಂದಿತು. ಎರಡು ವರ್ಷದಲ್ಲಿ 7.46 ಕೋಟಿ ಡಾಲರ್ ಖರ್ಚು ಇಳಿಯಿತು ಅಂತ 2018ರಲ್ಲಿ ಷೇರು ಮಾರುಕಟ್ಟೆಗೆ ಬರುವಾಗ ಹೇಳಿಕೊಂಡಿತು. 37ಸಿಗ್ನಲ್ಸ್ ಎಂಬ ಸಣ್ಣ ಕಂಪನಿ 2022ರಲ್ಲಿ ಕ್ಲೌಡ್‌ಗೆ 32 ಲಕ್ಷ ಡಾಲರ್ ಕೊಟ್ಟ ಮೇಲೆ ಸಾಕು ಅಂತ ಹೊರಬಂತು. ನೆಟ್‌ಫ್ಲಿಕ್ಸ್ ಇದಕ್ಕೆ ತದ್ವಿರುದ್ಧ. 2008ರಲ್ಲಿ ತನ್ನ ಡೇಟಾಬೇಸ್ ಕೆಟ್ಟು ಮೂರು ದಿನ ಡಿವಿಡಿ ಕಳಿಸಲಾಗದೆ ಪರದಾಡಿದ ಮೇಲೆ ಅಮೆಜಾನ್ ಕ್ಲೌಡ್ ಕಡೆ ಹೊರಟು, 2016ರ ಜನವರಿಗೆ ಆ ಕೆಲಸ ಮುಗಿಸಿತು.

ಈ ಕಥೆಗಳನ್ನು ಕೇಳಿ ಹುರುಪಾಗುವ ಮುಂಚೆ ಒಂದು ಲೆಕ್ಕ ಹಾಕೋಣ. ಅಂಕಿಗಳು ಉದಾಹರಣೆಗೆ ಮಾತ್ರ, ನಿಮ್ಮವನ್ನು ಹಾಕಿಕೊಳ್ಳಿ. 6 ಲಕ್ಷದ ಸರ್ವರ್ ಐದು ವರ್ಷ ಬಾಳಿದರೆ ತಿಂಗಳಿಗೆ 10,000 ರೂಪಾಯಿ. ಅದು 500 ವ್ಯಾಟ್ ಎಳೆದರೆ ತಿಂಗಳಿಗೆ 360 ಯೂನಿಟ್. ಯೂನಿಟ್‌ಗೆ 8 ರೂಪಾಯಿ ಹಿಡಿದರೆ 2,880. ಎಸಿ ಸೇರಿ 5,000 ಅನ್ನಿ. ಯುಪಿಎಸ್ ಬ್ಯಾಟರಿ, ಡೀಸೆಲ್, ವಾರಂಟಿ ನವೀಕರಣ ಅಂತ ಇನ್ನೊಂದು 5,000. ಒಟ್ಟು 20,000. ಅಗ್ಗ ಅನ್ನಿಸುತ್ತದೆ ಅಲ್ವಾ? ಈಗ ಅದನ್ನು ನೋಡಿಕೊಳ್ಳುವವರ ಸಂಬಳ ಸೇರಿಸಿ. ಒಬ್ಬರಿಗೆ 40,000 ಅಂದರೂ ಯಂತ್ರದ ಖರ್ಚಿನ ಎರಡರಷ್ಟು. ಒಬ್ಬರೇ ಇದ್ದರೆ ರಜೆ ಹಾಕುವ ಹಾಗಿಲ್ಲ, ಊರ ಹಬ್ಬಕ್ಕೆ ಹೋಗುವ ಹಾಗಿಲ್ಲ. ಕೆಲಸ ಕಲಿತ ಮೇಲೆ ಅವರನ್ನು ಬೆಂಗಳೂರು ಕರೆಯುತ್ತದೆ. ಎಕ್ಸ್‌ಪ್ರೆಸ್‌ವೇ ಬಂದ ಮೇಲೆ ಕರೆ ಇನ್ನೂ ಬೇಗ ಬರುತ್ತದೆ. ಪ್ರೈವೇಟ್ ಕ್ಲೌಡ್‌ನ ನಿಜವಾದ ಬೆಲೆ ಜನರದ್ದು. ಹತ್ತು ಸರ್ವರ್ ಇದ್ದರೆ ಆ ಸಂಬಳ ಹತ್ತಕ್ಕೂ ಹಂಚಿಹೋಗುತ್ತದೆ. ಒಂದೆರಡೇ ಇದ್ದರೆ ಹೊರೆ ಪೂರ್ತಿ ಅವುಗಳ ಮೇಲೆ. ಡ್ರಾಪ್‌ಬಾಕ್ಸ್‌ಗೆ ಗಿಟ್ಟಿದ್ದು ನಮಗೂ ಗಿಟ್ಟುತ್ತದೆ ಅನ್ನುವ ಹಾಗಿಲ್ಲ.

ಪಬ್ಲಿಕ್ ಕ್ಲೌಡ್‌ನ ಲೆಕ್ಕದಲ್ಲಿ ಮೋಸ ಹೋಗುವ ಜಾಗಗಳು ಬೇರೆ. ತಿಂಗಳಿಗೆ ಸುಮಾರು 730 ಗಂಟೆ. ಆಫೀಸು ನಡೆಯುವುದು ದಿನಕ್ಕೆ 10 ಗಂಟೆ, 26 ದಿನ ಅಂದರೆ 260 ಗಂಟೆ. ರಾತ್ರಿ ಮತ್ತು ಭಾನುವಾರ ಯಂತ್ರವನ್ನು ಆಫ್ ಮಾಡಿಟ್ಟರೆ ಅದರ ಬಾಡಿಗೆ ಮೂರನೇ ಒಂದು ಭಾಗದ ಆಸುಪಾಸಿಗೆ ಇಳಿಯುತ್ತದೆ. ಆಫ್ ಮಾಡದೆ ಬಿಟ್ಟರೆ ಪೂರ್ತಿ ಕಟ್ಟಬೇಕು. ಹಾಗೆ ಬಿಡುವವರೇ ಹೆಚ್ಚು. ಯಂತ್ರ ಆಫ್ ಮಾಡಿದರೂ ಅದರ ಡಿಸ್ಕ್‌ಗೆ ಮೀಟರ್ ಓಡುತ್ತಲೇ ಇರುತ್ತದೆ, ಇದು ಮೊದಲ ಬಿಲ್ ಬಂದಾಗಲೇ ಹಲವರಿಗೆ ತಿಳಿಯುವುದು. ಒಂದರಿಂದ ಮೂರು ವರ್ಷಕ್ಕೆ ಮಾತು ಕೊಟ್ಟರೆ ದರದಲ್ಲಿ ದೊಡ್ಡ ರಿಯಾಯಿತಿ ಸಿಗುತ್ತದೆ, ಆದರೆ ಆಮೇಲೆ ಬಳಸಲಿ ಬಿಡಲಿ ದುಡ್ಡು ಕೊಡಬೇಕು.

ಎಲ್ಲಕ್ಕಿಂತ ಹೆಚ್ಚು ಮರೆಯುವುದು ಡೇಟಾ ಹೊರಗೆ ತರುವ ಶುಲ್ಕವನ್ನು. ಒಳಗೆ ಹಾಕಲು ದುಡ್ಡಿಲ್ಲ. ಹೊರಗೆ ತರಲು ಇದೆ. ಅಮೆಜಾನ್‌ನ ಮುಂಬೈ ಕೇಂದ್ರದಿಂದ ತಿಂಗಳಿಗೆ ಮೊದಲ 100 ಜಿಬಿ ಉಚಿತ, ಆಮೇಲೆ ಜಿಬಿಗೆ ಸುಮಾರು 11 ಸೆಂಟ್. 5 ಟಿಬಿ (ಸುಮಾರು 5,000 ಜಿಬಿ) ಹೊರಬಿದ್ದರೆ ಡಾಲರಿಗೆ 85 ರೂಪಾಯಿ ಅಂತ ಹಿಡಿದರೂ 45,000 ರೂಪಾಯಿ ದಾಟುತ್ತದೆ. ಇದರ ಮೇಲೆ ಶೇ. 18ರ ಜಿಎಸ್‌ಟಿ. ಜಿಎಸ್‌ಟಿ ನೋಂದಣಿ ಇರುವವರಿಗೆ ಇನ್‌ಪುಟ್ ಕ್ರೆಡಿಟ್ ಸಿಗಬಹುದು, ಆದರೆ ಪಟ್ಟಿಯ ದರ ಡಾಲರ್‌ನಲ್ಲಿರುವಾಗ ರೂಪಾಯಿ ಕುಸಿದರೆ ಬಿಲ್ ಏರುತ್ತದೆ. ಊರಿನ ಮಕ್ಕಳಿಗೆ ಪಾಠದ ವಿಡಿಯೊ ಕೊಡುವ ಮೈಸೂರಿನ ಕಂಪನಿಗೆ ಈ ಒಂದೇ ಸಾಲು ಇಡೀ ಬಿಲ್‌ನ ದೊಡ್ಡ ಪಾಲಾಗಬಲ್ಲದು. ಪೂರ್ತಿ ಬಿಟ್ಟು ಹೋಗುವ ಗಿರಾಕಿಗಳಿಗೆ ಈ ಶುಲ್ಕ ಬೇಡ ಅಂತ 2024ರ ಆರಂಭದಲ್ಲಿ ಗೂಗಲ್ ಮೊದಲು, ಆಮೇಲೆ ಅಮೆಜಾನ್, ಮೈಕ್ರೋಸಾಫ್ಟ್ ಹೇಳಿದವು. ಅಲ್ಲೇ ಇದ್ದು ದಿನನಿತ್ಯ ಹೊರಗೆ ತರುವವರಿಗೆ ಆ ವಿನಾಯಿತಿ ಇಲ್ಲ.

ಕಾನೂನು ಏನನ್ನುತ್ತದೆ

ಡೇಟಾ ನಮ್ಮ ಕಟ್ಟಡದಲ್ಲೇ ಇರಬೇಕು ಅಂತ ಕಾನೂನಿದೆ ಎಂದು ಹಲವರು ನಂಬಿದ್ದಾರೆ. ಬಹುಪಾಲು ವ್ಯವಹಾರಗಳಿಗೆ ಅಂಥದ್ದೇನಿಲ್ಲ. ಕಾನೂನು ಹೆಚ್ಚಾಗಿ ಕೇಳುವುದು ಭಾರತದಲ್ಲಿದೆಯಾ, ಯಾರು ಹೊಣೆ, ತಪಾಸಣೆಗೆ ಸಿಗುತ್ತದಾ ಅಂತ.

ಕಂಪನಿ ಕಾಯ್ದೆಯಡಿ ನೋಂದಾಯಿತ ಕಂಪನಿ, ಅಂದರೆ ಪ್ರೈವೇಟ್ ಲಿಮಿಟೆಡ್ ಕೂಡ, ತನ್ನ ಎಲೆಕ್ಟ್ರಾನಿಕ್ ಲೆಕ್ಕಪುಸ್ತಕದ ಬ್ಯಾಕಪ್ಪನ್ನು ಭಾರತದೊಳಗಿನ ಸರ್ವರ್‌ನಲ್ಲಿ ಇಡಬೇಕು. 2022ರ ತಿದ್ದುಪಡಿಯ ನಂತರ ಅದು ಪ್ರತಿದಿನವೂ ಆಗಬೇಕು. ಪಾವತಿ ವ್ಯವಸ್ಥೆಗಳ ಡೇಟಾ ಭಾರತದಲ್ಲೇ ಇರಬೇಕು ಅಂತ ರಿಸರ್ವ್ ಬ್ಯಾಂಕ್ 2018ರ ಏಪ್ರಿಲ್‌ನಲ್ಲಿ ಹೇಳಿತು. ಬ್ಯಾಂಕುಗಳು ಐಟಿ ಕೆಲಸವನ್ನು ಹೊರಗೆ ಕೊಡುವ ಬಗ್ಗೆ 2023ರ ಏಪ್ರಿಲ್‌ನ ನಿರ್ದೇಶನದಲ್ಲಿ ಕ್ಲೌಡ್‌ಗೆಂದೇ ಒಂದು ಭಾಗವಿದೆ, ಅದು ಆ ವರ್ಷದ ಅಕ್ಟೋಬರ್ 1ರಿಂದ ಜಾರಿಗೆ ಬಂತು. ನಗರ ಸಹಕಾರ ಬ್ಯಾಂಕುಗಳಲ್ಲಿ ದೊಡ್ಡವಕ್ಕೆ ಮಾತ್ರ ಅದು ಅನ್ವಯ. ಆದರೆ ಚಿಕ್ಕ ಸಹಕಾರ ಬ್ಯಾಂಕಿನವರೂ ಒಮ್ಮೆ ಓದಿಕೊಂಡರೆ, ಒಪ್ಪಂದದಲ್ಲಿ ಏನೇನು ಕೇಳಬೇಕು ಅನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಪಟ್ಟಿ ಸಿಗುವುದು ಕಷ್ಟ.

ವೈಯಕ್ತಿಕ ಡೇಟಾ ರಕ್ಷಣೆಯ 2023ರ ಕಾಯ್ದೆಗೆ ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು. ಮುಖ್ಯ ಹೊಣೆಗಳಿಗೆ 18 ತಿಂಗಳ ಕಾಲಾವಕಾಶವಿದೆ. ಅದರಲ್ಲಿ ಒಂದು ಸಂಗತಿ ವ್ಯಾಪಾರಿಗಳು ಚೆನ್ನಾಗಿ ನೆನಪಿಡಬೇಕು. ಗಿರಾಕಿಗಳ ಡೇಟಾ ಕ್ಲೌಡ್ ಕಂಪನಿಯ ಕೈಯಲ್ಲಿದ್ದರೂ ಕಾಯ್ದೆಯ ಮುಂದೆ ಹೊಣೆ ನಿಮ್ಮದೇ. ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು. ಇನ್ನು ಸೈಬರ್ ಭದ್ರತೆ ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್‌ನ ನಿರ್ದೇಶನ: ಸೈಬರ್ ದಾಳಿ ಗಮನಕ್ಕೆ ಬಂದ 6 ಗಂಟೆಯೊಳಗೆ ತಿಳಿಸಬೇಕು, 180 ದಿನದ ಲಾಗ್ (ವ್ಯವಸ್ಥೆಯಲ್ಲಿ ಯಾವಾಗ ಏನಾಯಿತು ಅನ್ನುವ ದಾಖಲೆ) ಇಟ್ಟಿರಬೇಕು. ನಿಮ್ಮ ಸ್ವಂತ ಸರ್ವರ್ ರೂಮಿನಲ್ಲಿ 180 ದಿನದ ಲಾಗ್ ಇದೆಯಾ? ಕ್ಲೌಡ್‌ನಲ್ಲಿ ಅದು ಒಂದು ಸೆಟ್ಟಿಂಗ್. ಪ್ರೈವೇಟ್ ಇದ್ದರೆ ಕಾನೂನಿಗೆ ಹತ್ತಿರ ಅನ್ನುವ ಲೆಕ್ಕ ಇಲ್ಲಿ ತಲೆಕೆಳಗಾಗುತ್ತದೆ.

ಸರ್ಕಾರಿ ಕೆಲಸ ಹಿಡಿಯುವವರಿಗೆ ಮಾತ್ರ ದಾರಿ ಕಿರಿದು. ಕೇಂದ್ರದ ಮೇಘರಾಜ್ ಯೋಜನೆಯಡಿ ಮಾನ್ಯತೆ ಪಡೆದ ಕ್ಲೌಡ್ ಸೇವೆಗಳ ಪಟ್ಟಿ ಇದೆ. ಟೆಂಡರ್‌ನಲ್ಲಿ ಅದನ್ನೇ ಕೇಳಿರುತ್ತಾರೆ. ಮೊದಲು ಟೆಂಡರ್ ಓದಿ, ಆಮೇಲೆ ಕ್ಲೌಡ್ ನೋಡಿ.

ಯಾವುದು ಹೆಚ್ಚು ಭದ್ರ

ಕಣ್ಣೆದುರಿಗಿದ್ದರೆ ಭದ್ರ ಅನ್ನುವುದು ನಮ್ಮ ಜನರ ಹಳೇ ನಂಬಿಕೆ. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಿಯೊನ್‌ನಲ್ಲಿ ಸರ್ಕಾರದ್ದೇ ಡೇಟಾ ಸೆಂಟರ್‌ಗೆ ಬೆಂಕಿ ಬಿತ್ತು. ಯುಪಿಎಸ್‌ನ ಲಿಥಿಯಂ ಬ್ಯಾಟರಿ ಸ್ಥಳಾಂತರಿಸುವಾಗ ಹತ್ತಿಕೊಂಡಿದ್ದು. ಸರ್ಕಾರಿ ನೌಕರರು ಕಡತ ಇಡುತ್ತಿದ್ದ 858 ಟಿಬಿ ಸಂಗ್ರಹ ಹೋಯಿತು. ಗಾತ್ರ ದೊಡ್ಡದು ಅಂತ ಹೊರಗೆ ಬ್ಯಾಕಪ್ ಇಟ್ಟಿರಲಿಲ್ಲ. ಅಪ್ಪಟ ಪ್ರೈವೇಟ್ ವ್ಯವಸ್ಥೆ ಅದು.

ಹಾಗಂತ ಪಬ್ಲಿಕ್ ಕ್ಲೌಡ್ ಆದರೆ ನಿಶ್ಚಿಂತೆ ಅಂತಲೂ ಇಲ್ಲ. 2024ರ ಮೇ ತಿಂಗಳಲ್ಲಿ ಆಸ್ಟ್ರೇಲಿಯಾದ ಯೂನಿಸೂಪರ್ ಎಂಬ ಪಿಂಚಣಿ ನಿಧಿ ಗೂಗಲ್ ಕ್ಲೌಡ್‌ನಲ್ಲಿ ಇಟ್ಟಿದ್ದ ವ್ಯವಸ್ಥೆ ಎರಡು ಸ್ಥಳಗಳಲ್ಲೂ ಒಟ್ಟಿಗೆ ಅಳಿಸಿಹೋಯಿತು. ಯಾರೂ ದಾಳಿ ಮಾಡಿರಲಿಲ್ಲ, ಒಂದು ಸೆಟ್ಟಿಂಗ್ ತಪ್ಪಿತ್ತು. ಆರು ಲಕ್ಷಕ್ಕೂ ಹೆಚ್ಚು ಸದಸ್ಯರ ನಿಧಿ. ಇನ್ನೊಂದು ಕಂಪನಿಯ ಬಳಿ ಬ್ಯಾಕಪ್ ಇಟ್ಟಿದ್ದರಿಂದ ಬದುಕಿಕೊಂಡರು. 2021ರ ಮಾರ್ಚ್‌ನಲ್ಲಿ ಫ್ರಾನ್ಸ್‌ನ ಓವಿಎಚ್ ಕಂಪನಿಯ ಸ್ಟ್ರಾಸ್‌ಬರ್ಗ್ ಡೇಟಾ ಸೆಂಟರ್ ಸುಟ್ಟಾಗ, ಬ್ಯಾಕಪ್ಪನ್ನೂ ಅದೇ ಆವರಣದಲ್ಲಿ ಇಟ್ಟವರು ಎರಡನ್ನೂ ಕಳೆದುಕೊಂಡರು. ನಮ್ಮಲ್ಲೇ 2024ರ ಜುಲೈ ಕೊನೆಯಲ್ಲಿ ಸಿ-ಎಡ್ಜ್ ಎಂಬ ಸೇವಾ ಕಂಪನಿಯ ಮೇಲೆ, ಡೇಟಾಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ದಾಳಿಯಾಗಿ, ಸುಮಾರು 300 ಸಣ್ಣ ಬ್ಯಾಂಕುಗಳ ಯುಪಿಐ, ಎಟಿಎಂ ಸೇವೆ ತಾತ್ಕಾಲಿಕವಾಗಿ ನಿಂತಿತ್ತು.

ಹಾಗಾಗಿ ಪಬ್ಲಿಕ್ಕೋ ಪ್ರೈವೇಟೋ ಅನ್ನುವುದಕ್ಕಿಂತ, ಎರಡನೇ ನಕಲು ಎಲ್ಲಿದೆ ಅನ್ನುವುದೇ ಭದ್ರತೆಯನ್ನು ಹೆಚ್ಚು ನಿರ್ಧರಿಸುತ್ತದೆ. ಬೇರೆ ಊರಲ್ಲಿ, ಬೇರೆ ಕೈಯಲ್ಲಿ, ಬೇರೆ ಪಾಸ್‌ವರ್ಡ್ ಕೆಳಗೆ ಇರಬೇಕು. ಪಬ್ಲಿಕ್ ಕ್ಲೌಡ್‌ನಲ್ಲಿ ಹೊಣೆ ಹಂಚಿಕೆಯಾಗಿದೆ ಅನ್ನುವುದೂ ಗೊತ್ತಿರಲಿ. ಕಟ್ಟಡ, ಕರೆಂಟು, ಯಂತ್ರ ಅವರದ್ದು. ಯಾರಿಗೆ ಯಾವ ಅನುಮತಿ, ಯಾವ ಪಾಸ್‌ವರ್ಡ್, ಯಾವ ಬಾಗಿಲು ತೆರೆದಿದೆ ಅನ್ನುವುದು ನಿಮ್ಮದು. ಕೆಲಸ ಬಿಟ್ಟುಹೋದವರ ಲಾಗಿನ್ ಇನ್ನೂ ಜೀವಂತವಾಗಿದ್ದರೆ ಅಮೆಜಾನ್ ಬಂದು ತೆಗೆಯುವುದಿಲ್ಲ.

ಶೇಕಡಾ ಇಷ್ಟು ಹೊತ್ತು ಸೇವೆ ನಿಲ್ಲದೆ ನಡೆಯುತ್ತದೆ ಅನ್ನುವ ಭರವಸೆಯನ್ನೂ ಗಂಟೆಗೆ ಇಳಿಸಿ ಓದಿ. ಶೇ. 99.9 ಅಂದರೆ ವರ್ಷಕ್ಕೆ 8 ಗಂಟೆ 45 ನಿಮಿಷ ನಿಂತರೂ ಅವರು ಮಾತು ತಪ್ಪಿದಂತಲ್ಲ. 99.99 ಅಂದರೆ 53 ನಿಮಿಷ. ತಪ್ಪಿದರೂ ಸಿಗುವುದು ಮುಂದಿನ ಬಿಲ್‌ನಲ್ಲಿ ಒಂದಿಷ್ಟು ಕಡಿತ. ನಿಮ್ಮ ವ್ಯಾಪಾರದ ನಷ್ಟವನ್ನು ಯಾರೂ ತುಂಬಿಕೊಡುವುದಿಲ್ಲ.

ಹೈಬ್ರಿಡ್‌ನ ಬಗ್ಗೆ ಸ್ವಲ್ಪ ಅನುಮಾನ ಇರಲಿ

ಎರಡರ ಒಳ್ಳೆಯದೂ ಸಿಗುತ್ತದೆ ಅಂತ ಹೈಬ್ರಿಡ್ಡನ್ನು ಮಾರುತ್ತಾರೆ. ಎರಡರ ಕಷ್ಟವೂ ಸಿಗುತ್ತದೆ ಅನ್ನುವುದನ್ನು ಹೇಳುವುದಿಲ್ಲ. ಎರಡು ಕಡೆ ಲಾಗಿನ್, ಎರಡು ಕಡೆ ಭದ್ರತೆ, ನಡುವೆ ಒಂದು ಲೈನ್. ಕೆಟ್ಟಾಗ ತಪ್ಪು ಯಾರ ಕಡೆಯದು ಅಂತ ಮೂರು ಕಂಪನಿಗಳ ನಡುವೆ ಫೋನು.

ಗೆರೆ ಸ್ಪಷ್ಟವಾಗಿದ್ದರೆ ಮಾತ್ರ ಹೈಬ್ರಿಡ್ ಚೆನ್ನ. ಆಸ್ಪತ್ರೆಯೊಂದರ ಸ್ಕ್ಯಾನ್‌ಗಳನ್ನೇ ತೆಗೆದುಕೊಳ್ಳಿ. ಇವತ್ತಿನ ಎಂಆರ್‌ಐ ವೈದ್ಯರ ಪರದೆಯಲ್ಲಿ ತಕ್ಷಣ ತೆರೆಯಬೇಕು, ಆದ್ದರಿಂದ ಆಸ್ಪತ್ರೆಯೊಳಗಿನ ಸ್ಟೋರೇಜ್‌ನಲ್ಲಿ. ಮೂರು ವರ್ಷ ಹಳೆಯದು ಅಪರೂಪಕ್ಕೆ ಬೇಕು, ಆದ್ದರಿಂದ ಕ್ಲೌಡ್‌ನ ಅಗ್ಗದ ಸಂಗ್ರಹದಲ್ಲಿ. ದಿನಾಂಕವೇ ಇಲ್ಲಿ ಗೆರೆ. ಯಾರಿಗೂ ಗೊಂದಲವಿಲ್ಲ. ಇದೇ ಆಸ್ಪತ್ರೆ ರೋಗಿಗಳ ಬಿಲ್ಲಿಂಗ್ ಡೇಟಾಬೇಸನ್ನು ಒಳಗಿಟ್ಟು, ಅದನ್ನು ಬಳಸುವ ಸಾಫ್ಟ್‌ವೇರನ್ನು ಕ್ಲೌಡ್‌ನಲ್ಲಿಟ್ಟರೆ ಕೆಟ್ಟ ಗೆರೆ. ಒಂದೊಂದು ಕ್ಲಿಕ್‌ಗೂ ಹತ್ತಾರು ಸಲ ಅತ್ತಿಂದಿತ್ತ ಓಡಾಟ. ಕೌಂಟರ್ ಮುಂದೆ ಸಾಲು ಬೆಳೆಯುತ್ತದೆ. ಸದಾ ಮಾತಾಡಿಕೊಳ್ಳುವ ಎರಡು ವ್ಯವಸ್ಥೆಗಳನ್ನು ಒಂದೇ ಕಡೆ ಇಡಬೇಕು.

ಎರಡು ಕಡೆಗಳ ನಡುವೆ ಇಂಟರ್ನೆಟ್ ಮೇಲಿನ ವಿಪಿಎನ್ (ಹೊರಗಿನವರು ಓದಲಾಗದಂತೆ ಮುಚ್ಚಿದ ಸಂಪರ್ಕ) ಸಾಕಾ, ಅಥವಾ ಅಮೆಜಾನ್‌ನ ಡೈರೆಕ್ಟ್ ಕನೆಕ್ಟ್, ಮೈಕ್ರೋಸಾಫ್ಟ್‌ನ ಎಕ್ಸ್‌ಪ್ರೆಸ್‌ರೂಟ್‌ನಂಥ ಮೀಸಲು ಲೈನ್ ಬೇಕಾ ಅಂತ ಕೇಳುತ್ತಾರೆ. ಮಧ್ಯಮ ಗಾತ್ರದವರಿಗೆ ವಿಪಿಎನ್ ಸಾಕು. ಆ ದುಡ್ಡಿನಲ್ಲಿ ಬೇರೆ ಕಂಪನಿಯ ಎರಡನೇ ಇಂಟರ್ನೆಟ್ ಲೈನ್ ಹಾಕಿಸಿ. ಎರಡೂ ಒಂದೇ ಕಂಬದ ಮೇಲೆ, ಒಂದೇ ಚರಂಡಿ ಪಕ್ಕ ಬರುತ್ತಿದೆಯಾ ಅಂತ ಮಾತ್ರ ನೋಡಿಕೊಳ್ಳಿ. ಹಾಗಿದ್ದರೆ ಎರಡು ಲೈನ್ ಇದ್ದೂ ಪ್ರಯೋಜನವಿಲ್ಲ.

ಯಾರ ಹತ್ತಿರ ಹೋಗೋದು

ದೊಡ್ಡ ಮೂವರಲ್ಲಿ ಮೈಕ್ರೋಸಾಫ್ಟ್ 2015ರಲ್ಲಿ ಪುಣೆ, ಚೆನ್ನೈ, ಮುಂಬೈ ಕೇಂದ್ರಗಳನ್ನು ತೆರೆಯಿತು. ಅಮೆಜಾನ್‌ನ ಮುಂಬೈ ಕೇಂದ್ರ 2016ರದ್ದು, ಹೈದರಾಬಾದಿನದು 2022ರದ್ದು. ಗೂಗಲ್ ಮುಂಬೈಗೆ 2017ರಲ್ಲಿ, ದೆಹಲಿಗೆ 2021ರಲ್ಲಿ ಬಂತು. ಅಂದರೆ ಮೂವರಲ್ಲೂ ಡೇಟಾ ಭಾರತದೊಳಗೇ ಇಟ್ಟು, ನಕಲನ್ನು ಇನ್ನೊಂದು ನಗರದಲ್ಲಿ ಇಡಬಹುದು. ಯೋಟಾ, ಕಂಟ್ರೋಲ್‌ಎಸ್, ಇಎಸ್‌ಡಿಎಸ್, ಇ2ಇ ನೆಟ್‌ವರ್ಕ್ಸ್‌ನಂಥ ದೇಶೀ ಕಂಪನಿಗಳೂ ಇವೆ. ಸೇವೆಗಳ ಪಟ್ಟಿ ಅಷ್ಟು ಉದ್ದವಿಲ್ಲ, ಆದರೆ ಬೆಲೆ ರೂಪಾಯಿಯಲ್ಲಿ ಮಾತಾಡಬಹುದು.

ನಿಜ ಹೇಳಬೇಕೆಂದರೆ ಸಾಮಾನ್ಯ ಕೆಲಸಗಳಿಗೆ ಈ ಎಲ್ಲರೂ ಸಾಕಷ್ಟು ಒಳ್ಳೆಯವರೇ. ನಿಮ್ಮ ಸಾಫ್ಟ್‌ವೇರ್ ವಿಂಡೋಸ್ ಮತ್ತು ಎಸ್‌ಕ್ಯೂಎಲ್ ಸರ್ವರ್ ಎಂಬ ಡೇಟಾಬೇಸ್ ಮೇಲಿದ್ದರೆ, ಲೈಸೆನ್ಸ್ ಆಗಲೇ ಇದ್ದರೆ, ಮೈಕ್ರೋಸಾಫ್ಟ್‌ನಲ್ಲಿ ಬೆಲೆ ಇಳಿಯಬಹುದು. ಉಳಿದಂತೆ ನಿಮ್ಮ ಊರಲ್ಲಿ ಯಾವುದನ್ನು ಬಲ್ಲವರು ಸಿಗುತ್ತಾರೆ ಅನ್ನುವುದೇ ದೊಡ್ಡ ವಿಷಯ. ಮೈಸೂರಿನಲ್ಲಿ ಮೂರನ್ನೂ ಕಲಿತವರು ಸಿಗುತ್ತಾರೆ. ಒಪೆನ್‌ಸ್ಟ್ಯಾಕ್ ಎಂಬ ಮುಕ್ತ ಸಾಫ್ಟ್‌ವೇರ್ ಮೇಲೆ ಪ್ರೈವೇಟ್ ಕ್ಲೌಡ್ ಕಟ್ಟಿ ವರ್ಷಗಟ್ಟಲೆ ನಡೆಸಿದವರು ಅಷ್ಟು ಸುಲಭಕ್ಕೆ ಸಿಗುವುದಿಲ್ಲ.

ಹೊರಬರುವ ದಾರಿಯನ್ನು ಒಳಗೆ ಹೋಗುವ ಮುಂಚೆಯೇ ನೋಡಬೇಕು. ಪ್ರೈವೇಟ್‌ನಲ್ಲಿ ಯಾರ ಹಂಗೂ ಇಲ್ಲ ಅನ್ನುವವರಿಗೆ ವಿಎಂವೇರ್, ಅಂದರೆ ಒಂದು ಸರ್ವರನ್ನು ಹಲವು ಯಂತ್ರಗಳಂತೆ ಹಂಚಿ ನಡೆಸುವ ಸಾಫ್ಟ್‌ವೇರ್ ಮಾಡುವ ಕಂಪನಿ, ಒಂದು ನೆನಪೋಲೆ. ಬ್ರಾಡ್‌ಕಾಮ್ ಎಂಬ ಚಿಪ್ ಕಂಪನಿ ಅದನ್ನು 2023ರ ನವೆಂಬರ್‌ನಲ್ಲಿ ಕೊಂಡು, ಮರುತಿಂಗಳೇ ಒಮ್ಮೆ ಕೊಂಡರೆ ಶಾಶ್ವತ ಎನ್ನುವ ಲೈಸೆನ್ಸ್ ಮಾರುವುದನ್ನು ನಿಲ್ಲಿಸಿ ಚಂದಾ ಪದ್ಧತಿ ತಂದಿತು. ಯಂತ್ರ ಸ್ವಂತದ್ದಾದರೂ ಅದನ್ನು ನಡೆಸುವ ಸಾಫ್ಟ್‌ವೇರ್ ಬಾಡಿಗೆಯದ್ದಾಯಿತು. ಎಷ್ಟೋ ಕಂಪನಿಗಳು ಅಂದಿನಿಂದ ಪ್ರಾಕ್ಸ್‌ಮಾಕ್ಸ್, ನ್ಯುಟಾನಿಕ್ಸ್ ಅಂತ ಬೇರೆ ದಾರಿ ನೋಡುತ್ತಿವೆ. ಪಬ್ಲಿಕ್ ಕ್ಲೌಡ್‌ನಲ್ಲಿ ಸಿಕ್ಕಿಹಾಕಿಕೊಳ್ಳುವುದು ಇನ್ನೊಂದು ಬಗೆ. ಬರೀ ಯಂತ್ರ ಮತ್ತು ಪೋಸ್ಟ್‌ಗ್ರೆಸ್‌ನಂಥ ಮುಕ್ತ ಡೇಟಾಬೇಸ್ ಬಳಸಿದ್ದರೆ ಇನ್ನೊಂದು ಕಡೆಗೆ ಎತ್ತಿಕೊಂಡು ಹೋಗಬಹುದು. ಆ ಕಂಪನಿಯಲ್ಲಿ ಮಾತ್ರ ಸಿಗುವ ಡೇಟಾಬೇಸ್ ಮೇಲೆ ಎಲ್ಲವನ್ನೂ ಬರೆಸಿದ್ದರೆ ಸಾಫ್ಟ್‌ವೇರನ್ನೇ ಮತ್ತೆ ಬರೆಸಬೇಕು. ಹಾಗಂತ ಅವನ್ನು ಮುಟ್ಟಲೇಬಾರದು ಅಂತಲ್ಲ. ಕೆಲಸ ಬೇಗ ಆಗುತ್ತದೆ. ಬೆಲೆ ಗೊತ್ತಿದ್ದು ಬಳಸಿ.

ಸಹಿ ಹಾಕುವ ಮುಂಚೆ ಒಂದು ಪರೀಕ್ಷೆ ಮಾಡಿಸಿ. ಬೆಲೆಪಟ್ಟಿ ಹೋಲಿಸುವುದಕ್ಕಿಂತ ಇದು ಹೆಚ್ಚು ಕಲಿಸುತ್ತದೆ. ನಿಮ್ಮ ಒಂದು ನಿಜವಾದ ಡೇಟಾಬೇಸನ್ನು, ಗಿರಾಕಿಗಳ ಹೆಸರು-ನಂಬರ್ ಅಳಿಸಿ, ಆ ಕ್ಲೌಡ್ ಕಂಪನಿಯ ಕಡೆ ಬ್ಯಾಕಪ್ ಮಾಡಿ. ಆಮೇಲೆ ಇಲ್ಲಿನದು ಹೋಗಿದೆ ಅಂತ ಭಾವಿಸಿ ವಾಪಸ್ ತನ್ನಿ. 500 ಜಿಬಿಯನ್ನು ಕ್ಲೌಡ್‌ಗೆ ಕಳಿಸಲು 50 ಎಂಬಿಪಿಎಸ್ ಲೈನ್‌ನಲ್ಲಿ 22 ಗಂಟೆ ಬೇಕು. 5 ಟಿಬಿ ವಾಪಸ್ ತರಲು 100 ಎಂಬಿಪಿಎಸ್‌ನಲ್ಲಿ ನಾಲ್ಕೂವರೆ ದಿನ ದಾಟುತ್ತದೆ, ಅದೂ ಲೈನ್ ಒಮ್ಮೆಯೂ ಬೀಳದಿದ್ದರೆ. ಆ ನಾಲ್ಕೂವರೆ ದಿನ ನಿಮ್ಮ ಕಂಪನಿ ತಡೆದುಕೊಳ್ಳುತ್ತದಾ ಅಂತ ಮಾಲೀಕರು, ಲೆಕ್ಕದವರು, ಗೇಟಿನವರು ಒಟ್ಟಿಗೆ ಕೂತು ಉತ್ತರ ಹೇಳಲಿ. ತಡೆದುಕೊಳ್ಳುತ್ತದೆ ಅಂದರೆ ಆ ಕೆಲಸ ಕ್ಲೌಡ್ ಬ್ಯಾಕಪ್ಪೊಂದರ ಮೇಲೆಯೇ ನಡೆಯಬಹುದು. ಇಲ್ಲ ಅಂದರೆ, ಒಂದು ನಕಲು ಇಲ್ಲೇ ಇರಬೇಕು, ಅಥವಾ ಡೇಟಾ ವಾಪಸ್ ಬರುವ ತನಕ ಕ್ಲೌಡ್‌ನಲ್ಲೇ ಕೆಲಸ ಎಬ್ಬಿಸಿ ನಡೆಸುವ ಸಿದ್ಧತೆ ಇರಬೇಕು. ಎರಡಕ್ಕೂ ಎಷ್ಟಾಗುತ್ತದೆ ಅಂತ ಕ್ಲೌಡ್ ಕಂಪನಿಯಿಂದ ಬರಹದಲ್ಲಿ ಕೇಳಿ ಪಡೆಯಿರಿ.